ಹೆಡ್ ಇಳಿಸುವ ಮುನ್ನ ಟೈಮಿಂಗ್ ಮಾರ್ಕ್: ಪೇಂಟ್ ಚುಕ್ಕೆಯೋ, ಕಂಪನಿ ಗುರುತೋ, ಲಾಕಿಂಗ್ ಪಿನ್ನೋ?

ಗ್ಯಾಸ್ಕೆಟ್ ಬದಲಿಸಲು ಸಿಲಿಂಡರ್ ಹೆಡ್ ಇಳಿಸುವಾಗ ಟೈಮಿಂಗ್ (ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್, ವಾಲ್ವ್ ತೆರೆಯುವ ಕ್ಯಾಮ್ ಇವೆರಡರ ಹೊಂದಾಣಿಕೆ) ತಪ್ಪದಿರಲೆಂದು ನಾನು ಈ ಮೂರನ್ನೂ ಬೇರೆ ಬೇರೆ ಎಂಜಿನ್‌ಗಳಲ್ಲಿ ಮಾಡಿ ನೋಡಿದ್ದೇನೆ. ಕೊನೆಗೆ ಮೂರೂ ಎಂಜಿನ್ ಸರಿಯಾಗಿಯೇ ಓಡಿದವು. ಆದರೆ ಕೀ ತಿರುಗಿಸುವ ಮುಂಚೆಯೇ "ಸರಿಯಾಗಿದೆ" ಎಂಬ ಧೈರ್ಯ ಎಲ್ಲದರಲ್ಲೂ ಸಿಗಲಿಲ್ಲ.

ಮೊದಲು ಹಿಡಿದದ್ದು ಪೇಂಟ್ ದಾರಿ, ಅದೇ ಸುಲಭ ಅನ್ನಿಸಿತ್ತು. ಎಂಜಿನ್ ಎಲ್ಲಿ ನಿಂತಿತ್ತೋ ಅಲ್ಲೇ ಟೈಮಿಂಗ್ ಬೆಲ್ಟಿಗೂ ಕ್ರ್ಯಾಂಕ್, ಕ್ಯಾಮ್ ಎರಡೂ ಗೇರುಗಳಿಗೂ ಬಿಳಿ ಚುಕ್ಕೆ ಇಟ್ಟು ಬಿಚ್ಚಿದೆ. ಕಾರ್ಬನ್ ಕೆರೆದು ಥಿನ್ನರ್ ಹಾಕಿ ಒರೆಸುವಾಗ ಕ್ಯಾಮ್ ಗೇರಿನ ಚುಕ್ಕೆ ಬಟ್ಟೆಗೆ ಅಂಟಿಕೊಂಡು ಬಂತು. ಗೇರಿನ ಮೇಲೆ ಬರೀ ಮಸುಕು ಬಿಳುಪು ಉಳಿಯಿತು, ಯಾವ ಹಲ್ಲೆಂದು ಹೇಳಲಾಗಲಿಲ್ಲ. ಒಂದು ಹಲ್ಲು ತಾನೇ ಅನ್ನುವ ಹಾಗಿಲ್ಲ. 40 ಹಲ್ಲಿನ ಕ್ಯಾಮ್ ಗೇರಿನಲ್ಲಿ ಒಂದು ಹಲ್ಲೆಂದರೆ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ. ಕೆಲವು ಹಲ್ಲು ಜಾರಿದರೆ ಸಾಕು, ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಅವತ್ತು ಎಲ್ಲವನ್ನೂ ಕಂಪನಿ ಗುರುತಿಗೆ (ಕಂಪನಿಯೇ ಗೇರಿನ ಮೇಲೆ ಹಾಕಿರುವ ಗುರುತು) ತಂದು ಹೊಸದಾಗಿ ಕೂಡಿಸಬೇಕಾಯಿತು. ಹೊಸ ಬೆಲ್ಟ್ ಹಾಕುವುದಾದರಂತೂ ಹಳೆಯದರ ಚುಕ್ಕೆಗಳನ್ನು ಹಲ್ಲು ಎಣಿಸಿ ಹೊಸದಕ್ಕೆ ದಾಟಿಸಬೇಕು. ಎಣಿಕೆ ತಪ್ಪಿದರೆ ಚುಕ್ಕೆಯೇ ದಾರಿ ತಪ್ಪಿಸುತ್ತದೆ.

ಎರಡನೆಯದು ಕಂಪನಿ ಗುರುತು. ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ ಒಂದನೇ ಸಿಲಿಂಡರನ್ನು ಟಾಪ್‌ಗೆ, ಅಂದರೆ ಪಿಸ್ಟನ್ ತೀರಾ ಮೇಲಿರುವ ಜಾಗಕ್ಕೆ, ತರಬೇಕು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದೇ ಸುತ್ತು. ಹಾಗಾಗಿ ಕ್ರ್ಯಾಂಕ್ ಗುರುತು ಕೂಡಿದರೂ ಕ್ಯಾಮ್ ಗುರುತು ಎದುರು ಬದಿಯಲ್ಲಿರಬಹುದು. ಆಗ ಇನ್ನೊಂದು ಪೂರ್ತಿ ಸುತ್ತು ಹಾಕಬೇಕು. ಪ್ಲಗ್ ತೂತಿಗೆ ಬೆರಳಿಟ್ಟರೆ ಕಂಪ್ರೆಷನ್‌ನಲ್ಲಿ ಗಾಳಿ ಬೆರಳನ್ನು ದೂಡುವುದು ಗೊತ್ತಾಗುತ್ತದೆ.

ಇಲ್ಲಿ ಕ್ರ್ಯಾಂಕ್ ಪುಲ್ಲಿಯ ಮೇಲಿನ ಗುರುತನ್ನು ಪೂರ್ತಿ ನಂಬಬೇಡಿ. ರಬ್ಬರ್ ಇರುವ ಪುಲ್ಲಿಯಲ್ಲಿ ರಬ್ಬರ್ ಹಳತಾಗಿ ಹೊರಗಿನ ಬಳೆ ಜಾರಿದ್ದರೆ ಗುರುತೂ ಅದರ ಜೊತೆ ಜಾರಿರುತ್ತದೆ. ಕವರ್ ತೆಗೆದು ಒಳಗಿನ ಕ್ರ್ಯಾಂಕ್ ಗೇರಿನ ಗುರುತನ್ನೇ ನೋಡಿ, ಅದೂ ನೇರವಾಗಿ. ಓರೆಯಾಗಿ ಬಗ್ಗಿ ನೋಡಿದರೆ ಅರ್ಧ ಹಲ್ಲಿನಷ್ಟು ಕಣ್ಣೇ ಮೋಸ ಮಾಡುತ್ತದೆ. ಚೈನ್ ಎಂಜಿನ್ ಆದರೆ ಬಣ್ಣದ ಕೊಂಡಿಗಳು ಗೇರ್ ಗುರುತಿನ ಎದುರು ಬರಲಿಲ್ಲವೆಂದು ಗಾಬರಿಯಾಗಬೇಡಿ. ಅವು ಮತ್ತೆ ಕೂಡಲು ಬಹಳ ಸುತ್ತು ಬೇಕು. ನಾನು ಗೇರ್ ಗುರುತು ಕೂಡಿಸಿ, ಎದುರಿಗೆ ಬಂದ ಕೊಂಡಿಗೇ ಬಣ್ಣ ಹಚ್ಚಿ, ಚೈನನ್ನು ಕೇಬಲ್ ಟೈನಿಂದ ಗೇರಿಗೆ ಬಿಗಿದುಬಿಡುತ್ತೇನೆ.

ಕ್ಯಾಮ್ ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ ಬಳಸಿದ್ದು ಡಬಲ್ ಕ್ಯಾಮ್ ಎಂಜಿನ್‌ನಲ್ಲಿ. ಬೆಲ್ಟ್ ಸಡಿಲವಾದ ಕೂಡಲೇ ವಾಲ್ವ್ ಸ್ಪ್ರಿಂಗ್ ಒತ್ತಡಕ್ಕೆ ಕ್ಯಾಮ್ ಟಕ್ಕೆಂದು ತಿರುಗುವುದುಂಟು. ಪಿನ್ ಅದನ್ನು ತಡೆಯುತ್ತದೆ. ಗೇರಿಗೆ ಕೀ (ಶಾಫ್ಟಿನ ಮೇಲೆ ಗೇರನ್ನು ಒಂದೇ ಜಾಗದಲ್ಲಿ ಹಿಡಿಯುವ ಲೋಹದ ತುಂಡು) ಇಲ್ಲದೆ ಬರೀ ಬೋಲ್ಟ್ ಬಿಗಿತದ ಮೇಲೆ ನಿಲ್ಲುವ ಎಂಜಿನ್‌ಗಳಲ್ಲಿ ಪಿನ್ ಇಲ್ಲದೆ ಕೆಲಸಕ್ಕೆ ಇಳಿಯಲೇಬೇಡಿ. ಆದರೆ ಒಂದು ಎಂಜಿನ್ನಿನ ಪಿನ್ ಕಿಟ್ ಇನ್ನೊಂದಕ್ಕೆ ಕೂರುವುದು ಅಪರೂಪ. ಕ್ಯಾಮ್ ಬೋಲ್ಟ್ ಸಡಿಲಿಸುವಾಗ ಗೇರನ್ನು ಬೇರೆ ಟೂಲಿನಿಂದ ಹಿಡಿಯಬೇಕು, ಆ ಜೋರು ಪಿನ್ ಮೇಲೆ ಬಿದ್ದರೆ ಪಿನ್ ಬಾಗುತ್ತದೆ.

ಮಾಮೂಲಿ ಕೀ ಇರುವ ಗೇರಾದರೆ ನನ್ನ ಆಯ್ಕೆ ಕಂಪನಿ ಗುರುತು. ಪೇಂಟ್ ಅದರ ಮೇಲೆ ಎರಡನೇ ಸಾಕ್ಷಿ, ಅಷ್ಟೇ. ಕಾರಣ ಕೊನೆಯ ಪರೀಕ್ಷೆಯಲ್ಲಿದೆ. ಎಲ್ಲ ಜೋಡಿಸಿ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಭಾಗ) ಬಿಟ್ಟ ಮೇಲೆ ಕೈಯಲ್ಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸುತ್ತೇನೆ. ಗೇರುಗಳ ಗುರುತು ತಿರುಗಿ ತಮ್ಮ ಜಾಗಕ್ಕೇ ಬಂದು ನಿಲ್ಲುತ್ತವೆ. ಬೆಲ್ಟಿನ ಮೇಲಿನ ಚುಕ್ಕೆ ಅಷ್ಟರಲ್ಲಿ ಬೇರೆಲ್ಲೋ ಹೋಗಿರುತ್ತದೆ, ಅದನ್ನು ನೋಡಿ ಏನನ್ನೂ ತಾಳೆ ಹಾಕಲಾಗುವುದಿಲ್ಲ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒಂದು ಕೂದಲಷ್ಟೂ ಒತ್ತದೆ ನಿಲ್ಲಿಸಿ, ಬೆಲ್ಟ್ ಮತ್ತೆ ಬಿಚ್ಚುತ್ತೇನೆ.