ಸೊಂಟಕ್ಕೆ ಯಾವುದು: ಹೊಸ .32 ಪಿಸ್ತೂಲೋ, ಅಪ್ಪನ ಕಾಲದ ರಿವಾಲ್ವರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ರಿವಾಲ್ವರಿಗೆ. ಪಿಸ್ತೂಲಿಗೆ ದುಡ್ಡು ಸುರಿದು, ಅದನ್ನು ಪಳಗಿಸಲು ಒಂದಿಡೀ ಮಳೆಗಾಲ ಗುದ್ದಾಡಿದ ಮೇಲೆ ಹೇಳುತ್ತಿರುವ ಮಾತಿದು. ಅಂಗಡಿಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಪಿಸ್ತೂಲೇ ಹಿಡಿಸುತ್ತದೆ. ಚಪ್ಪಟೆ, ಚಿಕ್ಕದು, ಅಂಗಿ ಇಳಿಬಿಟ್ಟರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆಮೇಲಿನ ಕತೆ ಬೇರೆ.

ನನ್ನದು ಅಡಿಕೆ, ಕಾಳುಮೆಣಸು, ಗೇರುಬೀಜದ ಸಣ್ಣ ವ್ಯಾಪಾರ. ಮನೆ ಕುಮಟಾದಲ್ಲಿ, ವ್ಯವಹಾರ ಹೆಚ್ಚಿನದು ಶಿರಸಿಯ ಕಡೆ. ದೊಡ್ಡ ವಹಿವಾಟೆಲ್ಲ ಈಗ ಬ್ಯಾಂಕಿನಲ್ಲೇ ಮುಗಿಯುತ್ತದೆ. ಆದರೂ ಒಳಹಳ್ಳಿಯ ಸಣ್ಣ ಬೆಳೆಗಾರರಿಗೆ ಕೈಗೆ ನೋಟು ಬಂದರೇ ಸಮಾಧಾನ. ಹಾಗಾಗಿ ಸುಗ್ಗಿಯಲ್ಲಿ ಚೀಲ ಹಿಡಿದು ದೇವಿಮನೆ ಘಟ್ಟ ಹತ್ತಿಳಿಯುವುದು ತಪ್ಪಿಲ್ಲ. ಲೈಸೆನ್ಸ್ ಸಿಕ್ಕಿದ್ದೂ ಆ ಕಾರಣಕ್ಕೇ. ತೋಟದ ಹಂದಿ, ಮಂಗನಿಗೆಂದು ಕೊಡುವ ಬೆಳೆ ರಕ್ಷಣೆಯ ಕೋವಿ ಲೈಸೆನ್ಸೇ ಬೇರೆ, ಇದೇ ಬೇರೆ. ಪಿಸ್ತೂಲಿನಲ್ಲಿ ಮಂಗ ಓಡಿಸಬಹುದಾ ಎಂದು ಕೇಳುವ ನೆಂಟರಿಗೆ ನಾನು ಉತ್ತರ ಕೊಡುವುದು ಬಿಟ್ಟಿದ್ದೇನೆ.

ರಿವಾಲ್ವರ್ ಅಪ್ಪನದು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದ ಮೇಲೆ, ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದಮೇಲೆ, ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ನಮ್ಮಲ್ಲಿ ಹಾಗೇ ಆಯಿತು. ಅಪ್ಪ ಅದನ್ನು ಕಪಾಟಿನಲ್ಲಿಟ್ಟದ್ದೇ ಹೆಚ್ಚು, ಹೊಡೆದದ್ದು ಕಡಿಮೆ. ಆದ್ದರಿಂದ ಹಳೆಯದಾದರೂ ಟ್ರಿಗರ್ ಅಂಗಡಿಯಿಂದ ಈಗಷ್ಟೇ ತಂದಂತೆ ಬಿಗಿಯಾಗಿಯೇ ಇತ್ತು. ಪಳಗಿಸುವ ಕೆಲಸ ಎರಡಕ್ಕೂ ಇತ್ತು ಎನ್ನುವುದಕ್ಕೆ ಇದನ್ನು ಹೇಳಿದೆ.

ಮಾರುಕಟ್ಟೆಯ ಪಟ್ಟಿ ನಿಮಗೆ ಗೊತ್ತಿದ್ದದ್ದೇ. 9 ಮಿ.ಮೀ. ನಮ್ಮಂಥವರಿಗೆ ಇಲ್ಲ, ಅದು ನಿಷೇಧಿತ ಬೋರ್, ಅಂದರೆ ನಳಿಗೆಯ ಅಳತೆ. ನಮಗೆ ಹೆಚ್ಚಾಗಿ ಸಿಗುವುದು .32, ಅಂದರೆ ಸುಮಾರು ಇಂಚಿನ ನೂರರಲ್ಲಿ ಮೂವತ್ತೆರಡು ಪಾಲಿನ ಅಳತೆ. ಇಶಾಪುರದ ಅಶನಿ ಪಿಸ್ತೂಲ್, 2014ರಲ್ಲಿ ಕಾನ್ಪುರದಿಂದ ಬಂದ ಅರ್ಧ ಕಿಲೋ ತೂಕದ ನಿರ್ಭೀಕ್ ರಿವಾಲ್ವರ್, 2023ರಲ್ಲಿ ಬಂದ, ತೋಟಾ ತುಂಬುವ ಉರುಳೆಯಂಥ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಪ್ರಬಲ್, ಇನ್ನೂ ಕೆಲವು. ನನ್ನ ಪಿಸ್ತೂಲು ಯಾವ ಕಾರ್ಖಾನೆಯದು ಎಂಬುದು ಇಲ್ಲಿ ಮುಖ್ಯವಲ್ಲ. ನನ್ನ ತಕರಾರಿರುವುದು ಅದರೊಳಗೆ ಹೋಗುವ ತೋಟಾದ ಜಾತಿಯ ಮೇಲೆ. ಅದು ಹುಟ್ಟಿದ್ದು 1899ರಲ್ಲಿ.

ಎರಡೂ .32 ಎಂದೇ ಕರೆಸಿಕೊಂಡರೂ ಒಂದರ ತೋಟಾ ಇನ್ನೊಂದಕ್ಕೆ ಆಗುವುದಿಲ್ಲ. ರಿವಾಲ್ವರಿನದು ಉದ್ದ, ಅದರ ಹಿತ್ತಾಳೆ ಕೋಶವೇ 23 ಮಿ.ಮೀ. ಪಿಸ್ತೂಲಿನದು 17. ಕೊಳ್ಳುವಾಗ ಡಬ್ಬಿಯ ಮೇಲಿನ ಅಕ್ಷರ ಓದಿಯೇ ದುಡ್ಡು ಕೊಡಿ.

ಈಗ ಆ ಕಿರಿಕಿರಿಗೆ ಬರುತ್ತೇನೆ. ಹೊಸ ಪಿಸ್ತೂಲನ್ನು ನಂಬಿ ಸೊಂಟಕ್ಕೆ ಕಟ್ಟುವ ಮುಂಚೆ ಇನ್ನೂರು ಗುಂಡಾದರೂ ತಕರಾರಿಲ್ಲದೆ ಹಾರಬೇಕು ಎನ್ನುವುದು ಬಲ್ಲವರ ಮಾತು. ಅದರಲ್ಲಿ ಅರ್ಥವಿದೆ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡ್ ಓಡುವ ಹಳಿಗಳು ಒಂದಕ್ಕೊಂದು ಉಜ್ಜಿ ನಯವಾಗಬೇಕು, ಸ್ಲೈಡನ್ನು ವಾಪಸ್ ತಳ್ಳುವ ರಿಕಾಯಿಲ್ ಸ್ಪ್ರಿಂಗಿನ ಸೆಡವು ಇಳಿಯಬೇಕು, ತೋಟಾ ತುಂಬಿಡುವ ಮ್ಯಾಗಜಿನ್ನಿನ ಸ್ಪ್ರಿಂಗ್ ಒಂದು ಹದಕ್ಕೆ ಬರಬೇಕು. .32 ಪಿಸ್ತೂಲುಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್, ಅಂದರೆ ಸ್ಲೈಡನ್ನು ಹಿಡಿದಿಡುವುದು ಅದರ ತೂಕ ಮತ್ತು ಸ್ಪ್ರಿಂಗಿನ ಬಲ ಮಾತ್ರ. ಅದಕ್ಕೇ ಹೊಸದರಲ್ಲಿ ಎಳೆಯುವುದೇ ಕಷ್ಟ. ಮುಂಗೈ ಸಡಿಲ ಬಿಟ್ಟು ಹೊಡೆದರೆ ಸ್ಲೈಡ್ ಪೂರ್ತಿ ಹಿಂದೆ ಬರುವುದಿಲ್ಲ, ಖಾಲಿ ಕೋಶ ಬಾಗಿಲಲ್ಲೇ ಸಿಕ್ಕಿ ನಿಲ್ಲುತ್ತದೆ.

ಅಮೆರಿಕದಲ್ಲಿ ಇನ್ನೂರು ಗುಂಡು ಎಂದರೆ ಒಂದು ಭಾನುವಾರದ ಮಾತಿರಬಹುದು. ನಮ್ಮಲ್ಲಿ ಲೈಸೆನ್ಸ್ ಪುಸ್ತಕದಲ್ಲೇ ಒಮ್ಮೆಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಬರೆದಿರುತ್ತದೆ. ಬರೆದಷ್ಟು ಅಂಗಡಿಯಲ್ಲಿ ಸಿಗಬೇಕಲ್ಲ? ಖಡಕಿ ಕಾರ್ಖಾನೆಯ ಕೆ.ಎಫ್. ತೋಟಾ ಬಂದಿದೆ ಎಂದು ಫೋನ್ ಬಂದ ದಿನವೇ ಹೋಗಬೇಕು, ನಾಳೆ ಎಂದರೆ ಇಲ್ಲ. ತಂದರೂ ಹಿತ್ತಲಲ್ಲಿ ನಿಂತು ಹೊಡೆಯುವಂತಿಲ್ಲ, ಪರವಾನಗಿ ಇರುವ ರೇಂಜೇ ಆಗಬೇಕು. ಪೊಲೀಸರ ನಾಗರಿಕ ಬಂದೂಕು ತರಬೇತಿಯಲ್ಲಿ ಹಿಡಿಯುವ ಶಿಸ್ತು ಕಲಿಯಬಹುದೇ ಹೊರತು ನಮ್ಮ ಸ್ವಂತ ಪಿಸ್ತೂಲು ಅಲ್ಲಿ ಪಳಗುವುದಿಲ್ಲ. ನಾನು ಹುಬ್ಬಳ್ಳಿಯ ಕಡೆ ಹೋಗುತ್ತಿದ್ದೆ. ಪೆಟ್ರೋಲು, ರೇಂಜಿನ ಶುಲ್ಕ, ಊಟ, ಒಂದು ದಿನದ ವ್ಯಾಪಾರ, ಎಲ್ಲ ಸೇರಿಸಿದರೆ ಒಂದೊಂದು ಗುಂಡಿಗೆ ಒಂದೊಂದು ಕಿಲೋ ಚಾಲಿ ಅಡಿಕೆ ಕೊಟ್ಟ ಹಾಗೆ.

ಇಷ್ಟೆಲ್ಲ ಮಾಡಿ ರೇಂಜಿನಲ್ಲಿ ನಿಂತರೆ ಮೂರನೆಯದೋ ನಾಲ್ಕನೆಯದೋ ಗುಂಡಿಗೆ ಪಿಸ್ತೂಲು ಸ್ತಬ್ಧ. ಸ್ಲೈಡ್ ಅರ್ಧಕ್ಕೆ ನಿಂತಿದೆ. ಮ್ಯಾಗಜಿನ್ ತಳಕ್ಕೆ ತಟ್ಟಿ ಸ್ಲೈಡ್ ಎಳೆದು ಬಿಡುವ ಮಾಮೂಲಿ ಉಪಾಯ ನಡೆಯಲಿಲ್ಲ. ಮ್ಯಾಗಜಿನ್ ಹೊರಗೆ ತೆಗೆದು ನೋಡಿದರೆ ಮೇಲಿನ ಎರಡು ತೋಟಾ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂತಿವೆ. ಇದಕ್ಕೆ ರಿಮ್‌ಲಾಕ್ ಎನ್ನುತ್ತಾರೆ.

ಆಗುವುದು ಹೀಗೆ. ಜಾನ್ ಬ್ರೌನಿಂಗ್ ಈ ತೋಟಾ ಮಾಡಿದಾಗ ಬುಡದಲ್ಲಿ ಸಣ್ಣ ಅಂಚು ಬಿಟ್ಟ. ಸುತ್ತಲೂ ಕಾಲು ಮಿಲಿಮೀಟರಿನಷ್ಟು ಹೊರಚಾಚಿದ ಅಂಚು, ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯ ಗೂಡಿನಲ್ಲಿ, ತೋಟಾ ಸರಿಯಾದ ಜಾಗಕ್ಕೆ ನಿಲ್ಲಲಿ ಎಂದು. ಆಮೇಲೆ ಬಂದ ಪಿಸ್ತೂಲಿನ ತೋಟಾಗಳಲ್ಲಿ ಬಹುಪಾಲಿಗೆ ಆ ಅಂಚು ಹೊರಗೆ ಚಾಚಿಯೇ ಇಲ್ಲ. .32ಕ್ಕೆ ಇನ್ನೂ ಉಳಿದುಬಿಟ್ಟಿದೆ. ಮ್ಯಾಗಜಿನ್ ತುಂಬುವಾಗ ಪ್ರತಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ, ನಳಿಗೆಯ ಕಡೆಗೆ ಇರಬೇಕು. ಹಿಂದೆ ಬಿತ್ತೋ, ಸ್ಲೈಡ್ ಮೇಲಿನದನ್ನು ಮುಂದಕ್ಕೆ ತಳ್ಳಿದಾಗ ಅದು ಕೆಳಗಿನದನ್ನೂ ಹಿಡಿದೆಳೆದು ಅಲ್ಲೇ ಕಚ್ಚಿಕೊಳ್ಳುತ್ತದೆ. ಬಿಡಿಸಬೇಕಾದರೆ ಮ್ಯಾಗಜಿನ್ ತೆಗೆದು, ತೋಟಾ ಒತ್ತಿ, ಸಣ್ಣದೊಂದು ಕಡ್ಡಿಯಲ್ಲಿ ಮೀಟಬೇಕು. ರೇಂಜಿನಲ್ಲಿ ಮೇಜಿದೆ, ಬೆಳಕಿದೆ. ಘಟ್ಟದ ತಿರುವಿನಲ್ಲಿ ರಾತ್ರಿ ಒಂಬತ್ತಕ್ಕೆ ಕಡ್ಡಿ ಹುಡುಕುವುದೆಲ್ಲಿ?

ನಾನು ತುಂಬುವುದರಲ್ಲಿ ಲೋಪ ಇರಲಿಲ್ಲ. ಒಂದೊಂದನ್ನೂ ಮುಂದಕ್ಕೆ ಒತ್ತಿಯೇ ಹಾಕಿದ್ದೆ. ಆದರೆ ಮ್ಯಾಗಜಿನ್ ಒಳಗೆ ಕೂದಲೆಳೆಯಷ್ಟು ಜಾಗ ಉಳಿದಿದ್ದರೂ ಕುಲುಕಾಟಕ್ಕೆ ತೋಟಾ ಹಿಂದೆ ಮುಂದೆ ಸರಿಯುತ್ತದೆ. ತುದಿ ಮೊಂಡಾದ ಗಿಡ್ಡ ಗುಂಡಾದರೆ ಆ ಜಾಗ ಇನ್ನೂ ಹೆಚ್ಚು. ಉದ್ದ ಮೂತಿಯ, ಪೂರ್ತಿ ಲೋಹ ಹೊದ್ದ ಗುಂಡಿನಲ್ಲಿ ಇದು ಅಪರೂಪ ಎನ್ನುತ್ತಾರೆ, ನಿಜವೇ. ಮ್ಯಾಗಜಿನ್ ಬದಲಿಸಿದ ಮೇಲೆ ನನಗೂ ಬಹಳ ಕಡಿಮೆಯಾಯಿತು. ಕಡಿಮೆಯಾಯಿತೇ ಹೊರತು, ಇನ್ನು ಆಗುವುದಿಲ್ಲ ಎಂದು ತಿಳಿಯಲು ಬೇಕಾದಷ್ಟು ತೋಟಾ ನನ್ನ ಪುಸ್ತಕದಲ್ಲಿ ಇಲ್ಲ. ಪಳಗಿಸಲು ತೋಟಾ ಸುಟ್ಟರೆ ಸೊಂಟಕ್ಕೆ ಉಳಿಯುವುದಿಲ್ಲ, ಸೊಂಟಕ್ಕೆ ಉಳಿಸಿದರೆ ಪಿಸ್ತೂಲು ಪಳಗುವುದಿಲ್ಲ.

ರಿವಾಲ್ವರಿನಲ್ಲಿ ಈ ತಾಪತ್ರಯವೇ ಇಲ್ಲ. ಅದರಲ್ಲಿ ಪಳಗಬೇಕಾದದ್ದು ಟ್ರಿಗರ್ ಮತ್ತು ನಮ್ಮ ಬೆರಳು. ಎರಡಕ್ಕೂ ಮದ್ದುಗುಂಡು ಬೇಡ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರ್ ಖಾಲಿ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿಕೊಂಡು, ಸ್ನ್ಯಾಪ್ ಕ್ಯಾಪ್ ಎಂಬ ಹುಸಿ ತೋಟಾ ಹಾಕಿ, ಗಟ್ಟಿ ಕಲ್ಲಿನ ಗೋಡೆಯ ಕಡೆ ತಿರುಗಿ ರಾತ್ರಿ ಊಟವಾದ ಮೇಲೆ ಟ್ರಿಗರ್ ಎಳೆಯುತ್ತ ಕೂತರೆ ಆಯಿತು. ಹೊರಗೆ ಮಳೆ, ಕರೆಂಟಿಲ್ಲ, ಬೇರೆ ಕೆಲಸವೂ ಇಲ್ಲ. ಆಷಾಢ ಮುಗಿಯುವುದರೊಳಗೆ ಆ ಹೆಬ್ಬಂಡೆಯಂಥ ಟ್ರಿಗರ್ ದಾರಿಗೆ ಬಂತು. ರೇಂಜಿಗೆ ಹೋದದ್ದು ಆಮೇಲೆ, ನಿಜವಾದ ಗುಂಡಿನಲ್ಲಿ ಒಮ್ಮೆ ಪರೀಕ್ಷೆ ಮಾಡಲು. ಪಿಸ್ತೂಲಿಗೂ ಖಾಲಿ ಅಭ್ಯಾಸ ಮಾಡಬಹುದು, ಬೆರಳಿಗೆ ಒಳ್ಳೆಯದೇ. ಮ್ಯಾಗಜಿನ್ನಿನಿಂದ ಗುಂಡು ಮೇಲೇರುವ ಪರೀಕ್ಷೆ ಮಾತ್ರ ಅದರಲ್ಲಿ ಆಗುವುದಿಲ್ಲ.

ರಿವಾಲ್ವರಿನ ದೋಷಗಳೂ ಇವೆ. ಆರೇ ಗುಂಡು. ಮತ್ತೆ ತುಂಬಲು ನಿಧಾನ. ಖಾಲಿ ಕೋಶ ಹೊರತಳ್ಳುವ ಎಕ್ಸ್‌ಟ್ರಾಕ್ಟರಿನ ಅಡಿಗೆ ಅರೆಬೆಂದ ಮದ್ದಿನ ಒಂದು ಕಾಳು ಸಿಕ್ಕಿದರೂ ಮುಚ್ಚಲು ಸತಾಯಿಸುತ್ತದೆ, ಹಲ್ಲುಜ್ಜುವ ಬ್ರಷ್ ಒಂದು ಜೊತೆಗಿರಲಿ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿದರೆ ಸಿಲಿಂಡರ್ ಪಕ್ಕೆಗೆ ಒತ್ತುತ್ತದೆ.

ಮಳೆಗಾಲದ ವಿಷಯ ಕರಾವಳಿಯವರಿಗೇ ಅರ್ಥವಾಗುವುದು. ಕಾರವಾರದ ಕಡೆ ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆ, ಅದರ ಮೇಲೆ ಉಪ್ಪುಗಾಳಿ. ಸೊಂಟಕ್ಕೆ ಕಟ್ಟುವ ಚರ್ಮದ ಒರೆ, ಅಂದರೆ ಹೋಲ್ಸ್ಟರ್, ಬೆವರು, ತೇವ ಎರಡನ್ನೂ ಹೀರಿಕೊಂಡು ಕಬ್ಬಿಣಕ್ಕೆ ತಾಗಿಸಿಯೇ ಇಡುತ್ತದೆ. ಶಿರಸಿಯಲ್ಲಿ ಬೂಸಲು, ಕುಮಟಾದಲ್ಲಿ ತುಕ್ಕು. ಮನೆಗೆ ಬಂದ ಕೂಡಲೇ ಆಯುಧವನ್ನು ಚರ್ಮದಿಂದ ಹೊರತೆಗೆದು, ಒರೆಸಿ, ಬಂದೂಕಿನ ಎಣ್ಣೆಯನ್ನು ತೆಳುವಾಗಿ ಸವರಿ ಬೀಗದೊಳಗೆ ಇಡಬೇಕು. ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಬೇಡ ಮಾರಾಯ್ರೆ, ಅದು ದಿನ ಕಳೆದಂತೆ ಅಂಟಾಗುತ್ತದೆ. ಪಿಸ್ತೂಲಿನಲ್ಲಿ ಸ್ಲೈಡಿನ ಹಳಿ, ಮ್ಯಾಗಜಿನ್ ಒಳಗೋಡೆ, ಸ್ಪ್ರಿಂಗ್ ಎಂದು ತೇವ ಅಡಗಲು ಮೂಲೆಗಳು ಹೆಚ್ಚು. ಪ್ಲಾಸ್ಟಿಕ್ ಜಾತಿಯ ಕೈಡೆಕ್ಸ್ ಹೋಲ್ಸ್ಟರ್ ತೇವ ಹೀರುವುದಿಲ್ಲ, ಮಳೆಗಾಲಕ್ಕೆ ಅದೇ ಸರಿ.

ಇನ್ನೊಂದು, ನನ್ನ ಅಭ್ಯಾಸದ್ದು. ಪಿಸ್ತೂಲಿನ ಚೇಂಬರಿನಲ್ಲಿ ಗುಂಡಿಟ್ಟು ತಿರುಗಲು ನನಗೆ ಧೈರ್ಯವಿಲ್ಲ. ಖಾಲಿ ಇಟ್ಟರೆ ಹೊರತೆಗೆದ ಮೇಲೆ ಸ್ಲೈಡ್ ಎಳೆಯಲು ಇನ್ನೊಂದು ಕೈ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಇನ್ನೊಂದು ಕೈಯಲ್ಲಿ ಕೊಡೆ ಇರುತ್ತದೆ. ಸುಗ್ಗಿಯಲ್ಲಿ ಚೀಲ. ರಿವಾಲ್ವರಿಗೆ ಒಂದು ಕೈ ಸಾಕು. ಒಂದು ತೋಟಾ ಸಿಡಿಯದೇ ಹೋದರೆ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ತಾನಾಗಿ ಬರುತ್ತದೆ.

ಯಾವುದನ್ನು ಕೊಂಡರೂ ಕೆಲವು ದಿನ ಬರಿಗೈಯಲ್ಲೇ ಓಡಾಡಬೇಕು. ಜಾತ್ರೆ, ಮೆರವಣಿಗೆ, ಶಾಲೆ-ಕಾಲೇಜಿನ ಆವರಣಕ್ಕೆ ಒಯ್ಯುವಂತಿಲ್ಲ ಎಂಬುದು ಲೈಸೆನ್ಸಿನ ಷರತ್ತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವಾಗ ಶಿರಸಿ ಪೇಟೆಯೆಲ್ಲ ಜಾತ್ರೆಯೇ ಆದ್ದರಿಂದ ನಾನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಚುನಾವಣೆ ಬಂತೆಂದರೆ ಠೇವಣಿ ಇಡುವ ಆದೇಶವೂ ಬರಬಹುದು.

ಸರಿ, ಪಿಸ್ತೂಲು ಯಾರಿಗೆ? ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ರೇಂಜಿನ ಪಕ್ಕ ಮನೆ ಇದ್ದು, ತೋಟಾಕ್ಕೆ ಖರ್ಚು ಮಾಡುವ ತಾಕತ್ತಿದ್ದು, ಪ್ಯಾಂಟಿನೊಳಗೆ ಅಂಗಿ ಸಿಕ್ಕಿಸಿ ಓಡಾಡುವವರಿಗೆ. ನನ್ನದು ಸಡಿಲ ಜುಬ್ಬಾ, ರಿವಾಲ್ವರಿನ ಹೊಟ್ಟೆ ಅದರೊಳಗೆ ಮುಚ್ಚಿಹೋಗುತ್ತದೆ.

2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. ಪಿಸ್ತೂಲು ಒಂದು ಜಾಗ ಹಿಡಿದು ಕೂತಿದೆ, ಮನೆಗೆ ಒಂದು ಹನ್ನೆರಡು ಬೋರಿನ ಕೋವಿ ಬೇಕು ಎಂಬುದು ಹಳೆಯ ಆಸೆ. ಹಾಗಾಗಿ ಮಾರುತ್ತಿದ್ದೇನೆ. ಕೊಳ್ಳುವವರಿಗೆ .32 ಪಿಸ್ತೂಲಿನ ಲೈಸೆನ್ಸ್ ಇರಬೇಕು, ಕಾಗದಪತ್ರ ಕಾನೂನು ಪ್ರಕಾರ. ಎರಡು ಮ್ಯಾಗಜಿನ್ ಕೊಡುತ್ತೇನೆ, ಹಸಿರು ಪಟ್ಟಿ ಅಂಟಿಸಿದ್ದು ಒಳ್ಳೆಯದು. ಚರ್ಮದ ಹೋಲ್ಸ್ಟರ್ ಬೇಕಿದ್ದರೆ ಪುಕ್ಕಟೆ, ಬಿಸಿಲಿಗೆ ಹಾಕಿಕೊಳ್ಳಬೇಕು.