ಗೃಹಸಾಲಕ್ಕೆ ಮುನ್ನ: ಕಾರು ಸಾಲ ತೀರಿಸುವುದೋ, ಮುಂಗಡ ಹೆಚ್ಚಿಸುವುದೋ?

ಮೈಸೂರಿನಲ್ಲಿ 50 ಲಕ್ಷದ ಮನೆ ನೋಡಿದ್ದೀರಿ. ಉಳಿತಾಯದಲ್ಲಿ 2 ಲಕ್ಷ ಮಿಕ್ಕಿದೆ. ಕಾರು ಸಾಲವೂ 2 ಲಕ್ಷ ಬಾಕಿ, ತಿಂಗಳ ಕಂತು 8,000 ರೂ.

ಮುಂಗಡಕ್ಕೆ ಹಾಕಿದರೆ ಬೇಕಾದ ಸಾಲ 2 ಲಕ್ಷ ತಗ್ಗುತ್ತದೆ, ಅಷ್ಟೇ. ಕಾರು ಸಾಲ ತೀರಿಸಿದರೆ, ಶೇ 8.5 ಬಡ್ಡಿ, 20 ವರ್ಷದ ಲೆಕ್ಕದಲ್ಲಿ, ಉಳಿದ 8,000 ರೂ. ಕಂತಿನಿಂದ ಗೃಹಸಾಲದ ಅರ್ಹತೆ ಸುಮಾರು 9 ಲಕ್ಷ ಏರುತ್ತದೆ. ಸಂಬಳ ಸಾಕಾಗದವರಿಗೆ ಇದೇ ಸರಿ. ಆದರೆ ‘ಸೆಟಲ್‌ಮೆಂಟ್’ಗೆ (ಬಾಕಿಗಿಂತ ಕಡಿಮೆ ಕಟ್ಟಿ ಮುಗಿಸುವುದಕ್ಕೆ) ಒಪ್ಪಬೇಡಿ, ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲದ ಚರಿತ್ರೆಯಲ್ಲಿ) ಅದು ಕಲೆಯಾಗಿ ಉಳಿಯುತ್ತದೆ. ಪೂರ್ತಿ ಕಟ್ಟಿ, ಎನ್‌ಒಸಿ (ಬಾಕಿ ಇಲ್ಲವೆಂಬ ಪತ್ರ) ಪಡೆದು, ವರದಿಯಲ್ಲಿ ‘ಕ್ಲೋಸ್ಡ್’ ಎಂದು ಕಂಡ ಮೇಲೆಯೇ ಅರ್ಜಿ ಹಾಕಿ.

ಸಂಬಳ ಸಾಕಷ್ಟಿದ್ದು ಕೈಹಣವೇ ಕಡಿಮೆಯೇ? ಕಾರು ಸಾಲದ ತಂಟೆಗೆ ಹೋಗಬೇಡಿ, 2 ಲಕ್ಷ ಮುಂಗಡಕ್ಕೇ ಇರಲಿ. 30ರಿಂದ 75 ಲಕ್ಷದ ಸಾಲಕ್ಕೆ ಮನೆ ಬೆಲೆಯ ಶೇ 80 ಮಿತಿ. 10 ಲಕ್ಷ ನೀವೇ ಹೊಂದಿಸಬೇಕು. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಬೇರೆ.