ಮಬ್ಬು ಬೆಳಕಿನಲ್ಲಿ ಕೋವಿಗೆ ಯಾವ ಸೈಟ್: ಬಿಳಿ ಬಣ್ಣ, ಹಿತ್ತಾಳೆ ಮಣಿ, ಫೈಬರ್, ಟ್ರಿಟಿಯಂ, ಪೀಪ್

ಕೊಡವರು ಆಯುಧ ಪೂಜಿಸುವ ಕೈಲು ಮುಹೂರ್ತ ಹಬ್ಬದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಶುರುವಿನಲ್ಲಿ, ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಿಂತವರಿಗೆ ಈ ಕಷ್ಟ ಗೊತ್ತಿರುತ್ತದೆ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಹೆಸರು ಕೊಟ್ಟವರು ಜಾಸ್ತಿ. ನಮ್ಮ ಸರದಿ ಬರುವಷ್ಟರಲ್ಲಿ ಮೋಡ ಮುಚ್ಚಿಕೊಂಡು, ನಾಲ್ಕು ಗಂಟೆಗೇ ದೀಪ ಹಚ್ಚುವ ಹೊತ್ತಾದ ಹಾಗಿರುತ್ತದೆ. ಕಾಯಿ ಕಾಣುತ್ತದೆ, ಫೋರ್‌ಸೈಟ್ ಟಿಪ್, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊನೆ, ಮಾತ್ರ ಕಾಣುವುದಿಲ್ಲ. ಕಪ್ಪು ಟಿಪ್, ಅದರ ಹಿಂದೆ ಕಪ್ಪು ಕಾಫಿ ತೋಟ, ಇನ್ನು ಹೇಗೆ ಕಾಣಬೇಕು?

ನಾನು ಹೋಗುವ ಕಡೆಯೆಲ್ಲ ಕಬ್ಬಿಣದ ಸೈಟ್ (ಮಸೂರ ಇಲ್ಲದ ಮಾಮೂಲು ಸೈಟ್) ಮಾತ್ರ, ದುರ್ಬೀನಿನಂಥ ಸ್ಕೋಪ್‌ಗೆ ಅವಕಾಶ ಇಲ್ಲ. ಹಾಗಾಗಿ ಒಂದೇ .22 ಬೋಲ್ಟ್ ಆಕ್ಷನ್ ರೈಫಲ್ ಮೇಲೆ ಒಂದೊಂದೇ ಬಗೆ ಹಾಕಿ ನೋಡುತ್ತಾ ಬಂದೆ. ಇದು ಶಿಕಾರಿಯ ಮಾತಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ಅಜ್ಜಂದಿರ ಕಾಲದ ಕಥೆ. ಇಲ್ಲಿರುವುದು ಕಾಯಿ, ಕೋವಿ, ಮತ್ತೆ ಸಾಕಾಗದ ಬೆಳಕು ಅಷ್ಟೆ.

ಮೊದಲೇ ಒಂದು ಮಾತು. ಮಬ್ಬು ಬೆಳಕು ಅಂದ ಕೂಡಲೇ ಎಲ್ಲರೂ ಮುಂದಿನ ಟಿಪ್ ಹೊಳೆಯಬೇಕು ಅಂತ ದುಡ್ಡು ಹಾಕುತ್ತಾರೆ. ನನ್ನ ಅನುಭವದಲ್ಲಿ ಮೊದಲು ಕೈಕೊಡುವುದು ಹಿಂದಿನದು, ಬ್ಯಾಕ್‌ಸೈಟಿನ ಕಚ್ಚು, ಅಂದರೆ ಟಿಪ್ಪನ್ನು ನಡುವೆ ಕೂರಿಸಿ ನೋಡುವ ಸೀಳು. ಬೆಳಕು ಕಮ್ಮಿಯಾದಾಗ ಕಣ್ಣಿನ ಪಾಪೆ ಅಗಲವಾಗುತ್ತದೆ. ಅಗಲವಾದಷ್ಟೂ ಹತ್ತಿರದ್ದು ದೂರದ್ದು ಎರಡೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಕಷ್ಟ. ಕಚ್ಚು, ಟಿಪ್, ಕಾಯಿ, ಮೂರೂ ಮೂರು ದೂರದಲ್ಲಿವೆ, ಕಣ್ಣು ಒಂದನ್ನೇ ಹಿಡಿಯಬಲ್ಲದು. ಹಗಲಿನಲ್ಲಿ ಹೇಗೋ ಸುಧಾರಿಸಿಕೊಂಡು ಹೋಗುವ ಕಚ್ಚು ಮಬ್ಬಿನಲ್ಲಿ ಕಲಸಿಹೋಗುತ್ತದೆ. ನಲವತ್ತೈದು ದಾಟಿದವರ ಪಾಡಂತೂ ಕೇಳಲೇಬೇಡಿ.

ಸರಿ, ಅಗ್ಗದ್ದರಿಂದ ಶುರು ಮಾಡುತ್ತೇನೆ.

ಬಿಳಿ ಬಣ್ಣ. ಟಿಪ್ಪಿನ ಹಿಂಬದಿಗೆ, ಅಂದರೆ ನಮ್ಮ ಕಣ್ಣಿಗೆ ಕಾಣುವ ಮುಖಕ್ಕೆ, ಬಿಳಿ ನೇಲ್ ಪಾಲಿಶ್ ಅಥವಾ ಬರೆದದ್ದು ಅಳಿಸುವ ವೈಟ್ನರ್ ತೆಳುವಾಗಿ ಬಳಿಯುವುದು. ಖರ್ಚೇ ಇಲ್ಲ. ಬಳಿಯುವ ಮೊದಲು ಎಣ್ಣೆ ಪಸೆ ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಸಿಪ್ಪೆ ಏಳುತ್ತದೆ. ಹಿಂದೆ ಕಡು ಹಸಿರು ಗಿಡ ಇದ್ದಾಗ ಬಿಳಿ ಟಿಪ್ ಚೆನ್ನಾಗಿ ಎದ್ದು ಕಾಣುತ್ತದೆ, ಮೋಡದ ಬೆಳಕಿನಲ್ಲಿ ಇನ್ನೂ ಚೆನ್ನ, ಯಾಕಂದರೆ ಬೆಳಕು ಎಲ್ಲ ಕಡೆಯಿಂದ ಸಮವಾಗಿ ಬೀಳುತ್ತದೆ. ಆದರೆ ಕೆಲವು ಕಡೆ ಈಗಲೂ ಹಳೇ ಪದ್ಧತಿಯಲ್ಲಿ ಮರದ ತುದಿಗೆ ಕಾಯಿ ಕಟ್ಟುತ್ತಾರಲ್ಲ, ಅಲ್ಲಿ ಹಿಂದೆ ಇರುವುದು ಆಕಾಶ. ಬಿಳಿ ಮೋಡಕ್ಕೆ ಬಿಳಿ ಟಿಪ್ ಹಿಡಿದರೆ ಏನೂ ಸಿಗುವುದಿಲ್ಲ. ಅಲ್ಲಿ ಕಪ್ಪು ಟಿಪ್ಪೇ ರಾಜ. ಹಳಬರು ಸೀಮೆಎಣ್ಣೆ ಬುಡ್ಡಿಯ ಮಸಿ ಹಿಡಿಸಿ ಟಿಪ್ಪನ್ನು ಇನ್ನೂ ಕಪ್ಪು ಮಾಡಿಕೊಳ್ಳುತ್ತಿದ್ದದ್ದು ಸುಮ್ನೆ ಅಲ್ಲ.

ಹಿತ್ತಾಳೆ ಮಣಿ. 12 ಬೋರ್ ಕೋವಿಗಳಲ್ಲಿ ಟಿಪ್ಪಿನ ಜಾಗದಲ್ಲಿ ಇದು ಮಾಮೂಲು, ರೈಫಲ್‌ಗೂ ಹಾಕಬಹುದು. ನೋಡಲು ಚೆಂದ. ಮಬ್ಬಿನಲ್ಲಿ ಬೆಚ್ಚಗೆ ಹೊಳೆಯುತ್ತದೆ, ಬಣ್ಣದ ಹಾಗೆ ಉದುರುವುದಿಲ್ಲ. ತೊಂದರೆ ಇರುವುದು ಅದರ ದುಂಡುತನದಲ್ಲಿ. ಬೆಳಕು ಬಲಗಡೆಯಿಂದ ಬಂದರೆ ಮಣಿಯ ಬಲಗೆನ್ನೆ ಮಾತ್ರ ಹೊಳೆಯುತ್ತದೆ, ಕಣ್ಣು ಅದನ್ನೇ ಪೂರ್ತಿ ಮಣಿ ಅಂದುಕೊಂಡು ಕಾಯಿಯ ನಡುವಿಗೆ ತರುತ್ತದೆ, ನಿಜವಾದ ಮಣಿ ಎಡಕ್ಕೆ ಉಳಿಯುತ್ತದೆ, ಗುಂಡೂ ಎಡಕ್ಕೆ ಹೋಗುತ್ತದೆ. ಗುಂಡು ಬೆಳಕಿನಿಂದ ದೂರ ಓಡುತ್ತದೆ ಅಂತ ನೆನಪಿಟ್ಟುಕೊಂಡರೆ ಸಾಕು. ಸಂಜೆ ಹೊತ್ತು ಮೋಡ ಸರಿದು ಪಡುವಣದಿಂದ ಓರೆ ಬಿಸಿಲು ಬಿದ್ದರೆ ಇದು ಎದ್ದು ಕಾಣುತ್ತದೆ. ಮಣಿಯ ಹಿಂಬದಿ ಚಪ್ಪಟೆಯಾಗಿದ್ದರೆ ಈ ಕಾಟ ಬಹಳ ಕಮ್ಮಿ.

ಹಿಂದೆ ಬ್ರಿಟಿಷ್ ಕಂಪನಿಗಳು ಭಾರತಕ್ಕೆ, ಆಫ್ರಿಕಕ್ಕೆ ಅಂತ ಮಾಡುತ್ತಿದ್ದ ದೊಡ್ಡ ರೈಫಲ್‌ಗಳಲ್ಲಿ ಇದಕ್ಕೊಂದು ಜಾಣ ಉಪಾಯ ಇತ್ತು. ಹಗಲಿಗೆ ಸಣ್ಣ ಮಣಿ. ಅದರ ಜೊತೆಗೇ ಮಡಚಿಟ್ಟ ದಪ್ಪ ಬಿಳಿ ಮಣಿ ಒಂದು, ಬೆಳಕು ಹೋದಾಗ ಎತ್ತಿ ನಿಲ್ಲಿಸಲು. ಮೂನ್ ಸೈಟ್ ಅಂತ ಕರೆಯುತ್ತಿದ್ದರು. ಹಿಂದಿನ ಸೈಟ್ ಅಗಲವಾದ ವಿ ಆಕಾರ, ಅದರ ಅಡಿಯಲ್ಲಿ ಬೆಳ್ಳಿಯದೋ ಪ್ಲಾಟಿನಂನದೋ ಒಂದು ನೇರ ಗೆರೆ. ಗೆರೆಯ ಮೇಲೆ ಮಣಿ ಕೂರಿಸಿದರೆ ಮುಗಿಯಿತು. ಅವರೂ ಹಿಂದಿನ ಸೈಟಿಗೆ ಅಷ್ಟು ತಲೆ ಕೆಡಿಸಿಕೊಂಡಿದ್ದರು, ನೋಡಿ.

ಈಗ ಎಲ್ಲರೂ ಕೇಳುವ ಫೈಬರ್ ಆಪ್ಟಿಕ್. ಬಣ್ಣದ ಪ್ಲಾಸ್ಟಿಕ್ ಕಡ್ಡಿ, ಸುತ್ತಲಿನ ಬೆಳಕನ್ನು ಮೈತುಂಬ ಹೀರಿಕೊಂಡು ತುದಿಯಲ್ಲಿ ಬಿಂದುವಾಗಿ ಹೊರಗೆ ಬಿಡುತ್ತದೆ. ಬ್ಯಾಟರಿ ಬೇಡ. ಕಡ್ಡಿಯ ಉದ್ದ ಎಷ್ಟು ಹೊರಗೆ ತೆರೆದುಕೊಂಡಿದೆಯೋ ಅಷ್ಟು ಹೊಳಪು, ಅದಕ್ಕೇ ಸುತ್ತ ಲೋಹದ ಗೂಡು ಮುಚ್ಚಿರುವ ಮಾದರಿಗಳು ಗಟ್ಟಿ ಇದ್ದರೂ ಮಬ್ಬಿನಲ್ಲಿ ಮಂಕು. ಮೋಡದ ಸಂಜೆಯಲ್ಲಿ ನಾನು ಹಾಕಿ ನೋಡಿದ ಟಿಪ್‌ಗಳ ಪೈಕಿ ಬೇಗ ಕಣ್ಣಿಗೆ ಸಿಕ್ಕಿದ್ದು ಇದೇ. ಕೋವಿ ಭುಜಕ್ಕೆ ಬರುವ ಮೊದಲೇ ಬಿಂದು ಕಾಣುತ್ತದೆ.

ಬಣ್ಣದ ವಿಷಯದಲ್ಲಿ ಚೌಕಾಸಿ ಬೇಡ, ಹಸಿರನ್ನೇ ತಗೊಳ್ಳಿ. ಅಂಗಡಿಯ ದೀಪದಲ್ಲಿ ಕೆಂಪು ಝಗಮಗ ಅನ್ನುತ್ತದೆ, ಹೊರಗೆ ಬೆಳಕು ಇಳಿದಂತೆ ಮೊದಲು ಸಾಯುವುದೂ ಅದೇ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೊಮೀಟರ್ ಆಸುಪಾಸಿನ ಹಳದಿ ಹಸಿರಿಗೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿನಲ್ಲಿ ಅದು 507ರ ಹತ್ತಿರಕ್ಕೆ ಜಾರುತ್ತದೆ, ಕೆಂಪು ಇನ್ನೂ ದೂರವಾಗುತ್ತದೆ. ಸಂಜೆ ಅಂಗಳದ ಕೆಂಪು ದಾಸವಾಳ ಕಪ್ಪಾಗಿ ಕಂಡು, ಅದರ ಎಲೆ ಇನ್ನೂ ಹಸಿರಾಗೇ ಕಾಣುತ್ತದಲ್ವಾ, ಅದೇ ಇದು.

ಇನ್ನು ದಪ್ಪ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ನನ್ನ ಕಣ್ಣಿನಿಂದ ಟಿಪ್‌ಗೆ ಸುಮಾರು 80 ಸೆಂಟಿಮೀಟರ್. 2 ಮಿಲಿಮೀಟರ್ ಕಡ್ಡಿ 30 ಮೀಟರ್ ದೂರದಲ್ಲಿ ಏಳೂವರೆ ಸೆಂಟಿಮೀಟರ್ ಮುಚ್ಚುತ್ತದೆ, 50 ಮೀಟರಿನಲ್ಲಿ ಹನ್ನೆರಡೂವರೆ. ಸುಲಿದ ಕಾಯಿಯ ಅಗಲವೇ ಹತ್ತು ಹನ್ನೆರಡು ಸೆಂಟಿಮೀಟರ್. ಅಂದರೆ 50 ಮೀಟರಿನಲ್ಲಿ ಕಾಯಿ ಪೂರ್ತಿ ಮಾಯ. ಹೊಳೆಯುವ ಬಿಂದು ಮಬ್ಬಿನಲ್ಲಿ ಇರುವುದಕ್ಕಿಂತ ದೊಡ್ಡದಾಗಿಯೂ ಕಾಣುತ್ತದೆ, ಸುತ್ತ ಒಂದು ಪ್ರಭೆ ಬೇರೆ. 1 ಮಿಲಿಮೀಟರ್ ಕಡ್ಡಿ ಅಂಗಡಿಯಲ್ಲಿ ತೀರಾ ಬಡಕಲು ಅನ್ನಿಸುತ್ತದೆ, ಆದರೆ ಕಾಯಿಗೆ ಅದೇ ಸರಿ. ದಪ್ಪ ಕಡ್ಡಿ ಹತ್ತಿರದ, ಅವಸರದ ಕೆಲಸಕ್ಕೆ ಮಾಡಿದ್ದು, ನಿಧಾನವಾಗಿ ಗುರಿ ಹಿಡಿಯುವವರಿಗಲ್ಲ.

ಫೈಬರ್ ಮುರಿಯುತ್ತದೆ, ಇದು ಖಂಡಿತ. ಕೋವಿ ಒರೆಸುವಾಗ ಬಟ್ಟೆಯ ನೂಲು ಸಿಕ್ಕಿಕೊಂಡರೂ ಸಾಕು. ನಳಿಗೆ ತೊಳೆಯುವ ದ್ರಾವಣ ತಾಗಿದರೆ ಮಸುಕಾಗುತ್ತದೆ. ಉದ್ದದ ಕಡ್ಡಿ ಒಂದು ತಂದಿಟ್ಟುಕೊಂಡರೆ ಮನೆಯಲ್ಲೇ ಬದಲಿಸಬಹುದು: ಬೇಕಾದ್ದಕ್ಕಿಂತ ಒಂದೆರಡು ಮಿಲಿಮೀಟರ್ ಉದ್ದ ಬಿಟ್ಟು ಬ್ಲೇಡಿನಿಂದ ಕತ್ತರಿಸಿ, ತೂತಿನಲ್ಲಿ ತೂರಿಸಿ, ಉರಿಯುವ ಅಗರಬತ್ತಿಯ ತುದಿಯನ್ನು ಹತ್ತಿರ ತಂದರೆ ಕಡ್ಡಿಯ ತುದಿ ಕರಗಿ ಅಣಬೆ ತಲೆಯ ಹಾಗೆ ಉಬ್ಬುತ್ತದೆ. ಎರಡೂ ಕಡೆ ಹಾಗೆ ಮಾಡಿದರೆ ಜಾರುವುದಿಲ್ಲ. ಬೆಂಕಿಕಡ್ಡಿ ಹಿಡಿಯಬೇಡಿ, ಮಸಿ ಹತ್ತಿ ಹೊಳಪೇ ಹೋಗುತ್ತದೆ.

ಟ್ರಿಟಿಯಂ ಸೈಟನ್ನು ನೋಡಿದ್ದು ಇಲ್ಲಲ್ಲ, ಅಮೆರಿಕದ ಟೆಕ್ಸಸ್‌ನಲ್ಲಿ, ಚಿಕ್ಕಪ್ಪನ ಮಗನ ರೈಫಲ್‌ನಲ್ಲಿ. ಸಣ್ಣ ಗಾಜಿನ ಕೊಳವೆಯೊಳಗೆ ಟ್ರಿಟಿಯಂ ಅನಿಲ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್), ಒಳಗೋಡೆಗೆ ಹೊಳೆಯುವ ಪುಡಿ. ಅನಿಲದಿಂದ ಹೊರಡುವ ಎಲೆಕ್ಟ್ರಾನ್ ಪುಡಿಗೆ ಬಡಿದು ಹಗಲೂ ರಾತ್ರಿ ಬೆಳಗುತ್ತಲೇ ಇರುತ್ತದೆ. ಇದರ ಅರ್ಧಾಯುಷ್ಯ 12.3 ವರ್ಷ, ಅಂದರೆ ಹನ್ನೆರಡು ವರ್ಷಕ್ಕೆ ಹೊಳಪು ಅರ್ಧ, ಆಮೇಲೆ ಕೊಳವೆ ಬದಲಿಸುವ ಖರ್ಚು. ಕಗ್ಗತ್ತಲಲ್ಲಿ ಅದ್ಭುತ. ಆದರೆ ನಮಗೆ ಬೇಕಾದ ಆ ನಡುವಿನ ಹೊತ್ತಿನಲ್ಲಿ, ಪೂರ್ತಿ ಕತ್ತಲೂ ಅಲ್ಲದ ಬೆಳಕೂ ಅಲ್ಲದ ಹೊತ್ತಿನಲ್ಲಿ, ಅದು ಇದೆಯೋ ಇಲ್ಲವೋ ಅನ್ನುವಷ್ಟು ಮಂಕು. ಅದು ಚೆನ್ನಾಗಿ ಕಾಣಲು ಶುರುವಾಗುವಷ್ಟರಲ್ಲಿ ಗುರಿಯೇ ಕಾಣುವುದಿಲ್ಲ. ಕಾಣದ ಗುರಿಗೆ ಕೋವಿಯ ಕುದುರೆ (ಟ್ರಿಗರ್) ಎಳೆಯುವಂತಿಲ್ಲ, ಕಾಯಿಯಾದರೂ ಸರಿ, ಇನ್ನೇನಾದರೂ ಸರಿ. ಅಲ್ಲಿ ಜಿಂಕೆ ಬೇಟೆಗೂ ಸೂರ್ಯ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಕಾನೂನಿನ ಒಪ್ಪಿಗೆ, ಹಾಗಾಗಿ ಅವನಿಗೂ ಅದು ಅಷ್ಟಕ್ಕಷ್ಟೆ. ಪಿಸ್ತೂಲಿಗೆ ಇರಲಿ, ರೈಫಲ್‌ಗೆ ನಾನಂತೂ ದುಡ್ಡು ಕೊಡುವುದಿಲ್ಲ.

ಕೊನೆಗೆ ಪೀಪ್ ಸೈಟ್, ನನ್ನ ಮನಸ್ಸು ಗೆದ್ದದ್ದು. ಕಚ್ಚಿನ ಬದಲು ಕಣ್ಣಿನ ಹತ್ತಿರ ಒಂದು ತೂತು. ತೂತನ್ನು ನೋಡಬೇಕಾಗಿಲ್ಲ, ಅದರ ಮೂಲಕ ನೋಡಿದರೆ ಸಾಕು. ಕಣ್ಣು ತಾನಾಗೇ ಟಿಪ್ಪನ್ನು ನಡುವಿಗೆ ತರುತ್ತದೆ. ಮೂರು ಕೆಲಸದಲ್ಲಿ ಒಂದು ಕಮ್ಮಿಯಾಯಿತು. ಸೇನೆಯಲ್ಲಿದ್ದ ನಮ್ಮ ಮಾವ ಪಕ್ಕದಲ್ಲಿ ನಿಂತು ಯಾವಾಗಲೂ ಹೇಳುವುದು ಒಂದೇ, "ಟಿಪ್ ನೋಡು ಮಾರಾಯ, ಕಾಯಿ ಎಲ್ಲಿಗೂ ಓಡಿಹೋಗುವುದಿಲ್ಲ." ಪೀಪ್‌ನಲ್ಲಿ ಆ ಮಾತು ಪಾಲಿಸುವುದು ಸುಲಭ.

ಪೀಪ್ ಕತ್ತಲು ಮಾಡುತ್ತದೆ ಅನ್ನುವವರಿದ್ದಾರೆ. ಸಣ್ಣ ತೂತಾದರೆ ಅವರು ಹೇಳುವುದು ನಿಜ. ಸ್ಪರ್ಧೆಯ ಏರ್ ರೈಫಲ್‌ಗಳಲ್ಲಿ ಇರುವಂಥ 1.2 ಮಿಲಿಮೀಟರ್ ತೂತು ತಗೊಳ್ಳಿ. ಮಬ್ಬಿನಲ್ಲಿ ಪಾಪೆ 5 ಮಿಲಿಮೀಟರ್ ತೆರೆದಿದ್ದರೆ ಒಳಗೆ ಬರುವುದು ಹದಿನೇಳರಲ್ಲಿ ಒಂದು ಪಾಲು ಬೆಳಕು. ಕತ್ತಲಾಗದೆ ಇನ್ನೇನು? ಅದೇ ತೂತು 5 ಮಿಲಿಮೀಟರ್ ಆದರೆ ನಷ್ಟ ಇಲ್ಲವೇ ಇಲ್ಲ. ಅಂಚು ತೆಳುವಾಗಿದ್ದರೆ ಉಂಗುರ ಇದೆ ಅಂತಲೇ ಗೊತ್ತಾಗುವುದಿಲ್ಲ, ಗೋಸ್ಟ್ ರಿಂಗ್ ಅನ್ನುವುದು ಇದಕ್ಕೇ. ಕೆಲವು ಪೀಪ್ ಸೈಟ್‌ಗಳಲ್ಲಿ ಸಣ್ಣ ತೂತಿನ ಬಿಲ್ಲೆಯನ್ನು ತಿರುಗಿಸಿ ಬಿಚ್ಚಬಹುದು, ಒಳಗೆ ದೊಡ್ಡ ತೂತು ಇರುತ್ತದೆ. ಬಿಸಿಲಿದ್ದಾಗ ಬಿಲ್ಲೆ ಹಾಕಿ, ಮೋಡ ಬಂದಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ನನಗೆ ಹಿಡಿಸಿದ್ದು ನಡುವಿನ ಅಳತೆ, ಮೂರೂವರೆ ಮಿಲಿಮೀಟರ್ ಹತ್ತಿರದ್ದು. ಬೆಳಕೂ ಸಾಕು, ಕಾಯಿಯ ಅಂಚೂ ತಕ್ಕಮಟ್ಟಿಗೆ ಚೂಪು.

ಪೀಪ್ ಕೂರಿಸುವುದೇ ತಲೆನೋವು. ರೈಫಲ್‌ಗೆ ತೂತು ಕೊರೆದು ಅದರೊಳಗೆ ಸ್ಕ್ರೂ ಕೂರುವ ಸುತ್ತು ಹಾಕಬೇಕಾಗಬಹುದು. ನಮ್ಮಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ತಲೆತಲಾಂತರದಿಂದ ಜಮ್ಮಾ ಜಮೀನು ಹೊಂದಿದವರಿಗೂ) ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ಅದು ಕೋವಿ ಇಟ್ಟುಕೊಳ್ಳುವವರಿಗೆ. ರಿಪೇರಿ ಮಾಡುವವರ ಹತ್ತಿರ ಲೈಸೆನ್ಸ್ ಇರಲೇಬೇಕು, ವೆಲ್ಡಿಂಗ್ ಅಂಗಡಿಗೆಲ್ಲ ಕೊಡಬೇಡಿ.

ಈಗ ನನ್ನ ರೈಫಲ್ ಮೇಲಿರುವುದು ಹಿಂದೆ ಪೀಪ್, ಮುಂದೆ 1 ಮಿಲಿಮೀಟರ್ ಹಸಿರು ಫೈಬರ್. ಎರಡಕ್ಕೂ ದುಡ್ಡಿಲ್ಲ ಅಂದರೆ ಪೀಪ್ ಹಾಕಿ, ಮುಂದಿನ ಟಿಪ್‌ಗೆ ಬಿಳಿ ಬಳಿಯಿರಿ. ಹಿಂದೆ ಅದೇ ಹಳೇ ಕಚ್ಚು ಬಿಟ್ಟು ಮುಂದೆ ಮಾತ್ರ ಫೈಬರ್ ಹಾಕಿದರೆ, ಕಣ್ಣು ಹೊಳೆಯುವ ಬಿಂದುವಿಗೆ ಅಂಟಿಕೊಂಡು ಕಚ್ಚನ್ನು ಮರೆತೇಬಿಡುತ್ತದೆ, ಬಿಂದು ಮೇಲೆ ಎದ್ದಿರುತ್ತದೆ, ಗುಂಡು ಕಾಯಿಯ ತಲೆ ಮೇಲೆ ಹಾರುತ್ತದೆ. ಕನ್ನಡಕ ಹಾಕುವವರು ಕಣ್ಣಿನ ಡಾಕ್ಟರ ಹತ್ತಿರ ದೂರದ ನಂಬರಿಗೆ ಅರ್ಧ ಇಲ್ಲವೇ ಮುಕ್ಕಾಲು ಪ್ಲಸ್ ಸೇರಿಸಿ ಟಿಪ್ ಚೂಪಾಗಿ ಕಾಣುತ್ತದಾ ಅಂತ ನೋಡಿ. ಯಾವ ಫೈಬರ್‌ಗಿಂತಲೂ ಇದು ಜಾಸ್ತಿ ಕೆಲಸ ಮಾಡಬಹುದು.

ಮತ್ತೆ, ಯಾವುದನ್ನೇ ಬದಲಿಸಿದರೂ ಗುರಿ ಹೊಸದಾಗಿ ಕೂರಿಸಲೇಬೇಕು. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಇದ್ದರೆ, ಟಿಪ್ 1 ಮಿಲಿಮೀಟರ್ ಎತ್ತರವಾದರೂ 50 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಪೀಪ್ ಹಾಕಿದರೆ ಆ ಅಂತರವೂ ಉದ್ದವಾಗುತ್ತದೆ, ಲೆಕ್ಕ ಬದಲಾಗುತ್ತದೆ. ಹೊಸ ಸೈಟ್ ಹಾಕುವುದಿದ್ದರೆ ಆಗಸ್ಟ್ ಶುರುವಿನಲ್ಲೇ ಹಾಕಿ, ಮಳೆ ಬಿಡುವು ಕೊಟ್ಟ ಸಂಜೆಗಳಲ್ಲಿ, ಅದೇ ಮಬ್ಬು ಬೆಳಕಿನಲ್ಲಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಹೊಡೆದು ಸರಿ ಮಾಡಿಕೊಳ್ಳಿ. ಸ್ಪರ್ಧೆಯಲ್ಲಿ ಕೊಡುವ ತೋಟೆ ಯಾವ ಕಂಪನಿಯದು ಅಂತ ಮೊದಲೇ ವಿಚಾರಿಸಿ, ಸಿಕ್ಕಿದರೆ ಅದರಲ್ಲೇ ಹೊಡೆಯಿರಿ.